ನಾಲ್ಕನೇ ವಾರ್ಡಿನ ಸಿಸ್ಟರ್‌ಗಳು: ಅರುಣಾ ಶಾನಭಾಗ ಮತ್ತು ಕೆ.ಇ.ಎಂ. ನರ್ಸ್‌ಗಳ ಚರಿತ್ರೆ

ಮುಂಬಯಿ ಕನ್ನಡಿಗರ ಚರಿತ್ರೆ ಎಂದಕೂಡಲೇ ನಮಗೆ ನೆನಪಾಗುವುದು ಉಡುಪಿ ಹೋಟೆಲುಗಳು, ರಾತ್ರಿ ಶಾಲೆಗಳು, ಯಕ್ಷಗಾನ, ಬ್ಯಾಂಕುಗಳು, ಸಂಘ-ಸಂಸ್ಥೆಗಳು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಗೆ ಹೋಗಿ ಮೇಲೆ ಬಂದ ಹಿರಿಯರ ಕಥೆಗಳನ್ನು ನಾವು ಪ್ರತಿ ಸ್ಮರಣ ಸಂಚಿಕೆಯಲ್ಲೂ ಓದುತ್ತೇವೆ, ಓದಬೇಕಾದದ್ದೇ. ಆದರೆ ಅದೇ ಕಾಲದಲ್ಲಿ ಅದೇ ಊರುಗಳಿಂದ ಬಂದು ಇಲ್ಲಿನ ಆಸ್ಪತ್ರೆಗಳ ವಾರ್ಡುಗಳಲ್ಲಿ ಹಗಲು-ರಾತ್ರಿ ಪಾಳಿ ಮಾಡಿದ ನಮ್ಮ ಹೆಣ್ಣುಮಕ್ಕಳ ಕಥೆ ಎಲ್ಲೂ ಅಷ್ಟಾಗಿ ಕಾಣುವುದಿಲ್ಲ. ಮಹಿಳಾ ವಿಭಾಗದ ಇ-ಸ್ಮರಣ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಕೇಳಿದಾಗ ನಾನು ಆರಿಸಿಕೊಂಡ ವಿಷಯ ಅದು.

ನಾನು ಎಂ.ಟೆಕ್. ಓದಿ ಮಲಾಡ್‌ನ ಐಟಿ ಕಂಪನಿಯೊಂದರಲ್ಲಿ ಕೆಲಸ ಮಾಡುವವಳು. ವೈದ್ಯಕೀಯ ನನ್ನ ಕ್ಷೇತ್ರವಲ್ಲ. ಕಳೆದ ವರ್ಷ ನನ್ನ ತಂದೆ ಪಾರ್ಶ್ವವಾಯುವಾಗಿ ಆರು ವಾರ ಆಸ್ಪತ್ರೆಯಲ್ಲಿದ್ದರು. ಆ ಆರು ವಾರಗಳಲ್ಲಿ ಡಾಕ್ಟರು ದಿನಕ್ಕೆ ಎರಡು ಸಲ, ಐದೈದು ನಿಮಿಷ ಬಂದು ಹೋಗುತ್ತಿದ್ದರು. ಉಳಿದ ಇಪ್ಪತ್ತಮೂರು ಗಂಟೆ ಐವತ್ತು ನಿಮಿಷ ನನ್ನ ತಂದೆ ನರ್ಸ್‌ಗಳ ಕೈಯಲ್ಲಿದ್ದರು. ರೋಗಿಯ ಪಕ್ಕ ಕೂತ ಯಾರಿಗಾದರೂ ಇದು ಗೊತ್ತಾಗುತ್ತದೆ. ಆದರೂ ಬಿಡುಗಡೆಯ ದಿನ ನಾವು ಸಿಹಿ ಪೊಟ್ಟಣ ಹಿಡಿದು ಹುಡುಕಿಕೊಂಡು ಹೋಗುವುದು ಡಾಕ್ಟರನ್ನು. ಈ ಕೆಲಸ ಮಾಡುವವರು ರೋಗಿಯನ್ನು ಹೇಗೆ ನೋಡುತ್ತಾರೆ, ಅವರಿಗೆ ಏನು ಕಾಣುತ್ತದೆ ಎಂದು ತಿಳಿಯಲು ಹೊರಟಾಗ ದಾರಿ ನನ್ನನ್ನು ಪರೇಲ್‌ನ ಕೆ.ಇ.ಎಂ. ಆಸ್ಪತ್ರೆಗೂ, ನಮ್ಮದೇ ಉತ್ತರ ಕನ್ನಡದ ಒಂದು ಹಳ್ಳಿಗೂ ಕರೆದೊಯ್ದಿತು.

ಹಳದೀಪುರದಿಂದ ಪರೇಲ್‌ಗೆ

ಹೊನ್ನಾವರದಿಂದ ಕುಮಟಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹಳದೀಪುರ ಸಿಗುತ್ತದೆ. ಅರುಣಾ ರಾಮಚಂದ್ರ ಶಾನಭಾಗ ಹುಟ್ಟಿದ್ದು ಅಲ್ಲಿ, 1948ರ ಜೂನ್ 1ರಂದು. ಮುಂಬಯಿ ಪತ್ರಿಕೆಗಳು ಆ ಹೆಸರನ್ನು ಎಷ್ಟೋ ಬಗೆಯಲ್ಲಿ ಬರೆದವು. ನಮಗೆ ಅದು ಗೊತ್ತಿರುವ ಹೆಸರು, ಊರಿನ ಲೆಕ್ಕಪತ್ರ ಬರೆಯುತ್ತಿದ್ದ ಶಾನುಭೋಗರ ಮನೆತನದ ಹೆಸರು.

ಅಂದಿನ ಭೂಪಟವನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಉತ್ತರ ಕನ್ನಡ ಜಿಲ್ಲೆಯನ್ನು ಬ್ರಿಟಿಷರು 1862ರಲ್ಲಿ ಮದರಾಸು ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. 1956ರ ನವೆಂಬರ್ 1ರವರೆಗೆ ಅದು ಮುಂಬಯಿಯ ಆಡಳಿತದಲ್ಲೇ ಇತ್ತು. ಅಂದರೆ ಅರುಣಾ ಹುಟ್ಟಿದಾಗ ಹಳದೀಪುರದವರಿಗೆ ಮುಂಬಯಿ ಪರರಾಜ್ಯದ ಪಟ್ಟಣವಾಗಿರಲಿಲ್ಲ, ತಮ್ಮದೇ ರಾಜಧಾನಿಯಾಗಿತ್ತು. ನೌಕರಿ, ಕೋರ್ಟು, ದೊಡ್ಡ ಆಸ್ಪತ್ರೆ ಎಲ್ಲಕ್ಕೂ ಕಣ್ಣು ಹೋಗುತ್ತಿದ್ದದ್ದು ಬೆಂಗಳೂರಿನ ಕಡೆಗಲ್ಲ, ಮುಂಬಯಿ ಕಡೆಗೆ. ಪ್ರಯಾಣ ಮಾತ್ರ ಸುಲಭವಿರಲಿಲ್ಲ. ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದದ್ದು 1998ರಲ್ಲಿ. ಅದಕ್ಕೆ ಮೊದಲು ಬಸ್ಸು, ಹೊಳೆ ದಾಟಲು ಕಡವು, ಇಲ್ಲವೇ ಘಟ್ಟ ಹತ್ತಿ ರೈಲು. ಹಾಗೆ ಬಂದ ಹುಡುಗಿಯರಲ್ಲಿ ಅರುಣಾ ಒಬ್ಬರು. 1973ರಲ್ಲಿ ಅವರಿಗೆ ಇಪ್ಪತ್ತೈದು ವರ್ಷ. ಕೆ.ಇ.ಎಂ.ನಲ್ಲಿ ಜೂನಿಯರ್ ನರ್ಸ್. ಅದೇ ಆಸ್ಪತ್ರೆಯ ಯುವ ವೈದ್ಯರೊಬ್ಬರ ಜೊತೆ ಮದುವೆ ಗೊತ್ತಾಗಿತ್ತು.

ಕೆ.ಇ.ಎಂ. ಕೂಡ ಸಾಮಾನ್ಯ ಜಾಗವಲ್ಲ. ಕಿಂಗ್ ಎಡ್ವರ್ಡ್ ಮೆಮೋರಿಯಲ್ ಆಸ್ಪತ್ರೆ ಮತ್ತು ಅದರ ಜೊತೆಗಿರುವ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜು 1926ರಲ್ಲಿ ಆರಂಭವಾದವು. ದೊಡ್ಡ ಆಸ್ಪತ್ರೆಗಳ ಮೇಲಿನ ಹುದ್ದೆಗಳೆಲ್ಲ ಬ್ರಿಟಿಷರಿಗೇ ಮೀಸಲಾಗಿದ್ದ ಆ ಕಾಲದಲ್ಲಿ, ಇಲ್ಲಿ ಭಾರತೀಯರೇ ಪಾಠ ಹೇಳಬೇಕು, ಭಾರತೀಯರೇ ನಡೆಸಬೇಕು ಎಂಬ ಷರತ್ತಿನ ಮೇಲೆ ದಾನಿಗಳು ಹಣ ಕೊಟ್ಟಿದ್ದರು. ಸುತ್ತಲೂ ಗಿರಣಿಗಳು, ಗಿರಣಿ ಕೆಲಸಗಾರರ ಚಾಳುಗಳು. ಇಂದಿಗೂ ಮಹಾನಗರ ಪಾಲಿಕೆ ನಡೆಸುವ ಈ ಆಸ್ಪತ್ರೆಗೆ ಬಡವರು ದೇಶದ ಎಲ್ಲೆಡೆಯಿಂದ ಬರುತ್ತಾರೆ. ಮಲಾಡ್‌ನಿಂದ ಹೋಗುವವರು ಚರ್ಚ್‌ಗೇಟ್ ಲೋಕಲ್ ಹಿಡಿದು ಪ್ರಭಾದೇವಿಯಲ್ಲಿ ಇಳಿದು, ಪರೇಲ್ ಕಡೆ ದಾಟಿ ಹೋಗಬೇಕು. ಜನರ ಹಿಂದೆ ನಡೆದರೆ ಸಾಕು. ಕೈಯಲ್ಲಿ ಎಕ್ಸ್‌ರೇ ಲಕೋಟೆ ಹಿಡಿದವರೆಲ್ಲ ಹೋಗುವುದು ಅತ್ತಲೇ.

ಈ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಕಳಿಸುವುದೇ?

ನರ್ಸ್ ಕೆಲಸ ಗೌರವದ್ದು ಎಂದು ನಾವು ಇಂದು ಹೇಳುತ್ತೇವೆ. ನಮ್ಮ ಅಜ್ಜಿಯರ ಕಾಲದಲ್ಲಿ ಹಾಗಿರಲಿಲ್ಲ. ಪರಗಂಡಸರ ಮೈ ಮುಟ್ಟಬೇಕು, ಯಾವ ಜಾತಿಯವರದೆಂದು ನೋಡದೆ ಮಲಮೂತ್ರ ಬಳಿಯಬೇಕು, ರಾತ್ರಿ ಮನೆಯ ಹೊರಗಿರಬೇಕು. ಈ ಮೂರರಲ್ಲಿ ಒಂದೇ ಸಾಕಿತ್ತು, ಮಗಳನ್ನು ತಡೆಯಲು. ಆದ್ದರಿಂದಲೇ ಮೊದಲ ದಶಕಗಳಲ್ಲಿ ಈ ಕೆಲಸಕ್ಕೆ ಬಂದವರು ಹೆಚ್ಚಾಗಿ ಕ್ರೈಸ್ತ ಮತ್ತು ಆಂಗ್ಲೋ-ಇಂಡಿಯನ್ ಹೆಣ್ಣುಮಕ್ಕಳು, ಆಮೇಲೆ ವಿಧವೆಯರು.

ಮುಂಬಯಿಯಲ್ಲಿ ಬಾಗಿಲು ತೆರೆದದ್ದರಲ್ಲಿ ಕಾಮಾ ಆಸ್ಪತ್ರೆಯ ಪಾತ್ರ ದೊಡ್ಡದು. ಪಾರ್ಸಿ ದಾನಿ ಪೆಸ್ತನ್‌ಜಿ ಹೊರ್ಮಸ್‌ಜಿ ಕಾಮಾ ಅವರ ಹಣದಿಂದ 1886ರಲ್ಲಿ ಶುರುವಾದ ಈ ಆಸ್ಪತ್ರೆ ಹೆಂಗಸರು ಮತ್ತು ಮಕ್ಕಳಿಗಾಗಿಯೇ ಇತ್ತು. ಅದನ್ನು ನಡೆಸಿದವರೂ ವೈದ್ಯೆಯರೇ. ಇಂಗ್ಲೆಂಡಿನಿಂದ ಬಂದ ಡಾ. ಎಡಿತ್ ಪೀಚಿ ಅಲ್ಲಿ ನರ್ಸ್‌ಗಳ ತರಬೇತಿಗೂ ಕೈಹಾಕಿದರು. ಹತ್ತು ವರ್ಷಕ್ಕೆ, 1896ರಲ್ಲಿ, ಮುಂಬಯಿಗೆ ಪ್ಲೇಗ್ ಬಂತು. ಜನ ಊರು ಬಿಟ್ಟು ಓಡಿದರು, ಆರೈಕೆ ಮಾಡುವ ಕೈಗಳ ಬೆಲೆ ಆಗ ತಿಳಿಯಿತು. ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ಪ್ಲೇಗ್ ರೋಗಿಗಳ ಆರೈಕೆ ಮಾಡುತ್ತಲೇ ಸೋಂಕು ತಗುಲಿ 1897ರ ಮಾರ್ಚ್ 10ರಂದು ತೀರಿಕೊಂಡರು. ಹೆಣ್ಣುಮಕ್ಕಳ ಮೊದಲ ಶಿಕ್ಷಕಿ ಎಂದು ನಾವು ನೆನೆಯುವ ಆ ತಾಯಿಯ ಕೊನೆಯ ಕೆಲಸ ನರ್ಸಿನ ಕೆಲಸವೇ ಆಗಿತ್ತು.

ಸ್ವಾತಂತ್ರ್ಯ ಬರುವ ಹೊತ್ತಿಗೂ ಪರಿಸ್ಥಿತಿ ಸುಧಾರಿಸಿರಲಿಲ್ಲ. 1946ರ ಭೋರ್ ಸಮಿತಿಯ ವರದಿಯ ಪ್ರಕಾರ ಇಡೀ ದೇಶದಲ್ಲಿ ಇದ್ದ ನರ್ಸ್‌ಗಳು ಸುಮಾರು 7,000. ಅಂದರೆ 43,000 ಜನರಿಗೆ ಒಬ್ಬ ನರ್ಸ್. ಹಳದೀಪುರದಿಂದ ಒಬ್ಬ ಹುಡುಗಿ ಬಂದು ಕೆ.ಇ.ಎಂ.ನಲ್ಲಿ ಟೋಪಿ ಧರಿಸಿದಳೆಂದರೆ ಅದರ ಹಿಂದೆ ಇಷ್ಟೆಲ್ಲ ಬಾಗಿಲುಗಳು ಒಂದೊಂದಾಗಿ ತೆರೆದ ಚರಿತ್ರೆ ಇತ್ತು.

1973ರ ನವೆಂಬರ್ 27

ಅಂದು ಸಂಜೆ ಕೆಲಸ ಮುಗಿಸಿ ಬಟ್ಟೆ ಬದಲಿಸಲು ಅರುಣಾ ನೆಲಮಾಳಿಗೆಗೆ ಹೋದರು. ಅದೇ ಆಸ್ಪತ್ರೆಯ ನೌಕರನೊಬ್ಬ ನಾಯಿಗೆ ಕಟ್ಟುವ ಸರಪಳಿಯನ್ನು ಅವರ ಕುತ್ತಿಗೆಗೆ ಬಿಗಿದು ಲೈಂಗಿಕ ದೌರ್ಜನ್ಯ ಎಸಗಿದ. ಮರುದಿನ ಬೆಳಿಗ್ಗೆ ಕಸ ಗುಡಿಸಲು ಬಂದವರ ಕಣ್ಣಿಗೆ ಬೀಳುವವರೆಗೆ ಅರುಣಾ ಅಲ್ಲೇ ಇದ್ದರು. ಮಿದುಳಿಗೆ ಆಮ್ಲಜನಕ ಹೋಗದೆ ಹಾನಿಯಾಗಿತ್ತು. ಕಣ್ಣುಗಳು ಚೆನ್ನಾಗಿದ್ದರೂ ಕಂಡದ್ದನ್ನು ಗ್ರಹಿಸುವ ಮಿದುಳಿನ ಭಾಗ ಸತ್ತಿದ್ದರಿಂದ ದೃಷ್ಟಿ ಹೋಗಿತ್ತು. ಮಾತು ಹೋಗಿತ್ತು, ನಡಿಗೆ ಹೋಗಿತ್ತು.

ಅಪರಾಧಿಗೆ ಶಿಕ್ಷೆಯಾದದ್ದು ಕೊಲೆಯತ್ನ ಮತ್ತು ದರೋಡೆಗೆ. ಏಳು ವರ್ಷ ಜೈಲು. ಲೈಂಗಿಕ ದೌರ್ಜನ್ಯದ ಆರೋಪ ಮೊಕದ್ದಮೆಯಲ್ಲಿ ಇರಲೇ ಇಲ್ಲ. 1980ರಲ್ಲಿ ಆತ ಹೊರಗೆ ಬಂದ. ಅರುಣಾ ಒಳಗೇ ಉಳಿದರು.

ಮುಂಬಯಿಯ ನರ್ಸ್‌ಗಳು ಆಗ ಮುಷ್ಕರ ಹೂಡಿದರು. ಅರುಣಾಗೆ ಒಳ್ಳೆಯ ಆರೈಕೆ ಸಿಗಬೇಕು, ನಮಗೆ ಸುರಕ್ಷಿತವಾಗಿ ಕೆಲಸ ಮಾಡುವ ಪರಿಸ್ಥಿತಿ ಬೇಕು ಎಂಬುದು ಅವರ ಬೇಡಿಕೆ. ಈ ಮುಷ್ಕರವನ್ನು ನಾವು ಮರೆಯಬಾರದು. ಕೆಲಸದ ಜಾಗದಲ್ಲಿ ಹೆಣ್ಣಿನ ಸುರಕ್ಷತೆಗೆ ಅಂದು ಪ್ರತ್ಯೇಕ ಕಾನೂನೇ ಇರಲಿಲ್ಲ. ಸುಪ್ರೀಂ ಕೋರ್ಟಿನ ವಿಶಾಖಾ ಮಾರ್ಗಸೂಚಿ ಬಂದದ್ದು 1997ರಲ್ಲಿ, ಕಾಯಿದೆ ಬಂದದ್ದು 2013ರಲ್ಲಿ. ರಾತ್ರಿ ಹತ್ತರ ನಂತರ ನಾನು ಆಫೀಸಿನಿಂದ ಹೊರಟರೆ ಕಂಪನಿಯ ಕ್ಯಾಬು ಮನೆಯ ಗೇಟಿನವರೆಗೆ ಬಿಟ್ಟು ಹೋಗುತ್ತದೆ. ಅದನ್ನು ಸೌಕರ್ಯ ಎಂದು ನಾನು ಎಣಿಸಿದ್ದೆ. ಅದರ ಬೆಲೆಯನ್ನು ಯಾರು ಯಾವ ನೆಲಮಾಳಿಗೆಯಲ್ಲಿ ಕಟ್ಟಿದರು ಎಂದು ಈಗ ತಿಳಿಯುತ್ತದೆ.

ಮಗ್ಗುಲು ಬದಲಿಸಿದ ಲೆಕ್ಕ

ಅರುಣಾ ಕೆ.ಇ.ಎಂ.ನ ನಾಲ್ಕನೇ ವಾರ್ಡಿಗೆ ಸೇರಿದ ಒಂದು ಪುಟ್ಟ ಕೋಣೆಯಲ್ಲಿ ಬಹುಕಾಲ ಇದ್ದರು. ಹಲ್ಲೆಯ ದಿನದಿಂದ 2015ರ ಮೇ 18ರಂದು ತೀರಿಕೊಳ್ಳುವವರೆಗೆ ಲೆಕ್ಕ ಹಾಕಿದರೆ 41 ವರ್ಷ, ಐದೂವರೆ ತಿಂಗಳು. ಒಟ್ಟು 15,147 ದಿನ. ಲೆಕ್ಕ ನನ್ನ ಕಸುಬಾದ್ದರಿಂದ ಇನ್ನೂ ಮುಂದೆ ಹೋದೆ. ದಿನಕ್ಕೆ ಮೂರು ಪಾಳಿಯಂತೆ 45,000ಕ್ಕೂ ಹೆಚ್ಚು ಪಾಳಿಗಳು. ಒಂದು ಪಾಳಿಯವರು ಇನ್ನೊಂದು ಪಾಳಿಯವರಿಗೆ 45,000 ಸಲ ಅರುಣಾರನ್ನು ಒಪ್ಪಿಸಿ ಮನೆಗೆ ಹೋದರು.

ನಮ್ಮ ಕಂಪನಿಯಲ್ಲೂ ಇಪ್ಪತ್ನಾಲ್ಕು ಗಂಟೆಯ ಸಪೋರ್ಟ್ ಇದೆ, ಪಾಳಿ ಬದಲಾಗುವಾಗ ಹ್ಯಾಂಡೋವರ್ ಇದೆ. ಒಂದು ಸಿಸ್ಟಮ್ಮನ್ನು ಐದು ವರ್ಷ ತಪ್ಪಿಲ್ಲದೆ ಓಡಿಸಿದರೆ ನಮಗೆ ಬಹುಮಾನ ಕೊಡುತ್ತಾರೆ. ಆದ್ದರಿಂದ ಇಲ್ಲಿ ಏನಾಗಿದೆ ಎಂಬುದು ನನಗೆ ಸ್ವಲ್ಪ ಅರ್ಥವಾಗುತ್ತದೆ. ಮೊದಲ ವರ್ಷಗಳಲ್ಲಿ ಆರೈಕೆ ಮಾಡಿದವರು ಅರುಣಾರ ಜೊತೆಯವರು, ಗೆಳತಿಯರು. ಅವರು ನಿವೃತ್ತರಾದರು. ಆಮೇಲೆ ಬಂದವರಲ್ಲಿ ಎಷ್ಟೋ ಜನ ಆ ಹಲ್ಲೆ ನಡೆದಾಗ ಹುಟ್ಟಿಯೇ ಇರಲಿಲ್ಲ. ಆದರೂ ಅವರು ಅರುಣಾರನ್ನು ನೋಡಿದ್ದು ಹೊರಗಿನ ರೋಗಿಯಾಗಿ ಅಲ್ಲ, ತಮ್ಮ ಸಹೋದ್ಯೋಗಿಯಾಗಿ. ಪ್ರತಿ ಜೂನ್ 1ರಂದು ಹುಟ್ಟುಹಬ್ಬ ಮಾಡಿದರು.

ಈ ಆರೈಕೆಯ ಗುಣವನ್ನು ಅಳೆಯಲು ಒಂದು ಅಳತೆಗೋಲಿದೆ. 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮೂವರು ತಜ್ಞ ವೈದ್ಯರನ್ನು ನೇಮಿಸಿ ಅರುಣಾರನ್ನು ಪರೀಕ್ಷಿಸಲು ಹೇಳಿತು. ಹಾಸಿಗೆ ಹಿಡಿದು 37 ವರ್ಷ ಕಳೆದಿದ್ದ ಆ ಮೈಮೇಲೆ ಅವರಿಗೆ ಒಂದೇ ಒಂದು ಹಾಸಿಗೆ ಹುಣ್ಣು ಕಾಣಲಿಲ್ಲ.

ಈ ಸಾಲಿನ ತೂಕ ತಿಳಿಯಬೇಕಾದರೆ ಹಾಸಿಗೆ ಹುಣ್ಣು ಹೇಗೆ ಆಗುತ್ತದೆಂದು ತಿಳಿಯಬೇಕು. ನಾವು ನಿದ್ದೆಯಲ್ಲೂ ನಮಗರಿವಿಲ್ಲದೆ ಹೊರಳುತ್ತೇವೆ. ಹೊರಳಲಾಗದವರ ಮೈಭಾರ ಸೊಂಟದ ಹಿಂಭಾಗ, ಹಿಮ್ಮಡಿ, ತೊಡೆಯ ಮೂಳೆ ಇಂಥ ಕಡೆ ಒಂದೇ ಸಮನೆ ಒತ್ತುತ್ತದೆ. ಒತ್ತಿದ ಚರ್ಮಕ್ಕೆ ರಕ್ತ ಹೋಗುವುದಿಲ್ಲ. ಕೆಲವೇ ಗಂಟೆಗಳಲ್ಲಿ ಚರ್ಮ ಕೆಂಪಾಗುತ್ತದೆ, ಆಮೇಲೆ ಒಡೆಯುತ್ತದೆ, ಕೆಳಗಿನ ಮಾಂಸ ಕೊಳೆಯುತ್ತದೆ. ಬೆವರು, ಮೂತ್ರದ ತೇವ ಇದ್ದರೆ ಇನ್ನೂ ಬೇಗ. ಮುಂಬಯಿಯ ಮಳೆಗಾಲದಲ್ಲಿ ಬಟ್ಟೆಯೇ ಒಣಗದ ದಿನಗಳನ್ನು ನೆನಪಿಸಿಕೊಳ್ಳಿ. ಇದಕ್ಕೆ ಉಪಾಯ ಒಂದೇ: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಒರೆಸುವುದು, ಒಣಗಿಸುವುದು, ಹಾಸಿಗೆಯ ಸುಕ್ಕು ತೆಗೆಯುವುದು, ಹೊಟ್ಟೆಗೆ ಸರಿಯಾಗಿ ಕೊಡುವುದು. ಆ ನಿಯಮದಂತೆ ದಿನಕ್ಕೆ ಹನ್ನೆರಡು ಸಲ. 15,147 ದಿನಕ್ಕೆ ಸುಮಾರು 1 ಲಕ್ಷ 80 ಸಾವಿರ ಸಲ. ಈ ಕೆಲಸದ ವಿಚಿತ್ರವೆಂದರೆ, ಚೆನ್ನಾಗಿ ಮಾಡಿದರೆ ಏನೂ ಕಾಣುವುದಿಲ್ಲ. ಬಿಟ್ಟರೆ ಮಾತ್ರ ಕಾಣುತ್ತದೆ.

ನಮ್ಮ ಮನೆಯಿಂದ ಎರಡು ಕಟ್ಟಡದಾಚೆ ಒಬ್ಬ ನಿವೃತ್ತ ನರ್ಸ್ ಇದ್ದಾರೆ. ಕುಂದಾಪುರ ಕಡೆಯವರು, ಬೇರೊಂದು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದವರು. ಹೆಸರು ಹಾಕಬೇಡ ಎಂದಿದ್ದಾರೆ. ನಾವೆಲ್ಲ ಅವರನ್ನು ಸಿಸ್ಟರಕ್ಕ ಎನ್ನುತ್ತೇವೆ. ತಂದೆ ಮನೆಗೆ ಬಂದ ಮೇಲೆ ಮಗ್ಗುಲು ಬದಲಿಸುವುದನ್ನು ನನಗೂ ಅಮ್ಮನಿಗೂ ಕಲಿಸಿದವರು ಅವರೇ. "ಎಳೀಬೇಡ ಮಾರಾಯ್ತಿ, ಎಳೆದರೆ ಚರ್ಮ ಹಾಸಿಗೆಗೆ ಉಜ್ಜುತ್ತದೆ. ಕೆಳಗಿನ ಬಟ್ಟೆ ಹಿಡಿದು ಎತ್ತಿ ಹೊರಳಿಸು. ಮೊದಲು ಅವರಿಗೆ ಹೇಳು, ಅಪ್ಪ, ಈಗ ಆ ಮಗ್ಗುಲಿಗೆ ತಿರುಗಿಸುತ್ತೇನೆ ಅಂತ."

ಅಪ್ಪನಿಗೆ ಆಗ ನಮ್ಮ ಮಾತು ತಿಳಿಯುತ್ತಿತ್ತೋ ಇಲ್ಲವೋ ಎಂದು ನಾನು ಕೇಳಿದೆ. ಸಿಸ್ಟರಕ್ಕ ಹೇಳಿದರು, "ತಿಳಿಯುತ್ತದೋ ಇಲ್ಲವೋ ಎಂಬುದು ಡಾಕ್ಟರ ಪ್ರಶ್ನೆ. ನಾವು ಹೇಳಿಯೇ ಮುಟ್ಟುವುದು. ಹೇಳದೆ ಮುಟ್ಟಿದರೆ ಅದು ಸಾಮಾನು ಎತ್ತಿಟ್ಟ ಹಾಗೆ."

ಪ್ರಜ್ಞೆ ಇಲ್ಲದ ರೋಗಿಗಳ ಜೊತೆ ಮೂವತ್ತು ವರ್ಷ ಹೀಗೆ ಮಾತನಾಡುತ್ತ ಬಂದವರು ಅವರು. ಎಚ್ಚರವಾದ ಮೇಲೆ ಇಬ್ಬರು ಮೂವರು, "ಸಿಸ್ಟರ್, ನಿಮ್ಮ ದನಿ ಗೊತ್ತು" ಎಂದಿದ್ದರಂತೆ. ಎಚ್ಚರವಾಗದೆ ಹೋದವರು ಎಷ್ಟೋ ಮಂದಿ. ಇಬ್ಬರಿಗೂ ಒಂದೇ ಮಾತು, ಒಂದೇ ಕೈ.

ಹಾಸಿಗೆ ಖಾಲಿ ಮಾಡಿ ಎಂದಾಗ

1980ರ ದಶಕದಲ್ಲಿ ಪಾಲಿಕೆ ಎರಡು ಸಲ ಅರುಣಾರನ್ನು ಕೆ.ಇ.ಎಂ.ನಿಂದ ಬೇರೆಡೆಗೆ ಸಾಗಿಸಲು ನೋಡಿತು. ಹಾಸಿಗೆಯೊಂದು ವರ್ಷಗಟ್ಟಲೆ ತುಂಬಿಕೊಂಡಿದೆ ಎಂಬುದು ಕಾರಣ. ಆಡಳಿತದ ಕಣ್ಣಿನಿಂದ ನೋಡಿದರೆ ಇದು ತಪ್ಪು ಮಾತಲ್ಲ, ನೆಲದ ಮೇಲೆ ರೋಗಿಗಳು ಮಲಗುವ ಆಸ್ಪತ್ರೆ ಅದು. ಆದರೆ ನರ್ಸ್‌ಗಳು ಪ್ರತಿಭಟನೆಗೆ ಇಳಿದರು. ಪಾಲಿಕೆ ಯೋಜನೆ ಕೈಬಿಟ್ಟಿತು. ತನ್ನ ಸೇವೆಯಲ್ಲಿದ್ದಾಗ, ತನ್ನ ಕಟ್ಟಡದಲ್ಲೇ ಹಾಳಾದ ಬದುಕಿಗೆ ಆಸ್ಪತ್ರೆ ಹೊಣೆ ಎಂಬ ತತ್ವವನ್ನು ಅವರು ಭಾಷಣ ಮಾಡಿ ಹೇಳಲಿಲ್ಲ. ಒಂದು ಕೋಣೆ ಬಿಟ್ಟುಕೊಡದೆ ಹೇಳಿದರು.

ಕೋರ್ಟಿನ ಮುಂದೆ ಎರಡು ನೋಟ

ಅರುಣಾರ ಬದುಕನ್ನು ಲೋಕಕ್ಕೆ ತಿಳಿಸಿದವರು ಪತ್ರಕರ್ತೆ ಪಿಂಕಿ ವಿರಾನಿ. 1998ರಲ್ಲಿ ಅವರ ಪುಸ್ತಕ ಬಂತು. 2009ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋಗಿ, ಇದು ಬದುಕೇ ಅಲ್ಲ, ಬಲವಂತವಾಗಿ ಉಣ್ಣಿಸುವುದನ್ನು ನಿಲ್ಲಿಸಿ ಅರುಣಾ ಶಾಂತಿಯಿಂದ ಹೋಗಲು ಬಿಡಿ ಎಂದು ಕೇಳಿದರು. ಈ ಮನವಿಯ ಹಿಂದಿನ ಕರುಣೆಯನ್ನು ಯಾರೂ ಅನುಮಾನಿಸಲಾರರು. ಒಬ್ಬ ಹೆಣ್ಣಿನ ನೋವು ಇನ್ನೊಬ್ಬ ಹೆಣ್ಣಿಗೆ ತಾಗಿದ್ದರಿಂದಲೇ ಆ ಅರ್ಜಿ ಹುಟ್ಟಿದ್ದು.

ಎದುರು ನಿಂತವರು ಕೆ.ಇ.ಎಂ.ನ ನರ್ಸ್‌ಗಳು ಮತ್ತು ವೈದ್ಯರು. ಮೀನು, ಕೋಳಿ ಸೂಪು ಅರುಣಾಗೆ ಇಷ್ಟ, ಇಷ್ಟದ್ದನ್ನು ಕೊಟ್ಟರೆ ಮುಖದಲ್ಲಿ ನಗು ಕಾಣುತ್ತದೆ ಎಂದು ಆಸ್ಪತ್ರೆಯ ಕಡೆಯವರು ಕೋರ್ಟಿಗೆ ತಿಳಿಸಿದರು. ಕರಾವಳಿಯ ಹುಡುಗಿಗೆ ಮೀನು ಇಷ್ಟವೆಂದರೆ ನಮಗೇನೂ ಆಶ್ಚರ್ಯವಿಲ್ಲ. 2010ರ ಸೆಪ್ಟೆಂಬರಿನಲ್ಲಿ ಮಲೇರಿಯಾ ಬಂದು ಬಾಯಿಂದ ತಿನ್ನುವುದು ಕಡಿಮೆಯಾದ ಮೇಲೆ ಮೂಗಿನ ನಳಿಕೆಯಿಂದ ಕೊಡಬೇಕಾಯಿತು. ಅದುವರೆಗೆ ಅರೆದ ಊಟವನ್ನು ಬಾಯಿಗೇ ಕೊಟ್ಟಿದ್ದರು. ನುಂಗಲು ಕಷ್ಟವಿರುವವರಿಗೆ ಬಾಯಿಯಿಂದ ಉಣ್ಣಿಸುವುದೆಂದರೆ ಪ್ರತಿ ತುತ್ತಿಗೂ ಕಾಯಬೇಕು, ಅವಸರ ಮಾಡಿದರೆ ಅನ್ನ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಿಂದೆ ಅರುಣಾರನ್ನು ನೋಡಿಕೊಂಡಿದ್ದ ನಿವೃತ್ತ ನರ್ಸ್ ಒಬ್ಬರು ಸಂಬಳವಿಲ್ಲದೆ ಈ ಸೇವೆ ಮುಂದುವರಿಸಲು ಸಿದ್ಧರಿದ್ದರೆಂಬ ವಿಷಯವೂ ಕೋರ್ಟಿನ ಮುಂದೆ ಬಂತು.

ತಜ್ಞ ವೈದ್ಯರ ವರದಿ ಎಚ್ಚರಿಕೆಯದು. ಅರುಣಾಗೆ ಸುತ್ತಲಿನ ಅರಿವು ಇದ್ದಂತೆ ಕಾಣುವುದಿಲ್ಲ ಎಂದು ಅದು ಹೇಳಿತು. ಅದೇ ವರದಿ ಇನ್ನೊಂದನ್ನೂ ದಾಖಲಿಸಿತು: ಕೋಣೆಯಲ್ಲಿ ಬಹಳ ಜನ ಸೇರಿದಾಗ ಆಕೆ ತಳಮಳಗೊಂಡು ಕೂಗುತ್ತಿದ್ದರು, ಮೆಲ್ಲಗೆ ಮೈ ಸವರಿದರೆ ಶಾಂತರಾಗುತ್ತಿದ್ದರು. ಮಿದುಳಿನ ಸ್ಕ್ಯಾನು ಒಂದನ್ನು ಹೇಳಿದರೆ, ದಿನವೂ ಮುಟ್ಟುವ ಕೈ ಇನ್ನೊಂದನ್ನು ಹೇಳುತ್ತಿತ್ತು.

ಯಾರು ಸರಿ? ಇದನ್ನು ನಾನು ತುಂಬ ದಿನ ಯೋಚಿಸಿದೆ. ನರ್ಸ್‌ಗಳು ಕಂಡ ನಗು ನಿಜವಾದ ನಗುವೇ, ಬರೀ ಸ್ನಾಯುವಿನ ಚಲನೆಯೇ? ಪ್ರೀತಿಸುವವರಿಗೆ ಇಲ್ಲದ್ದೂ ಕಾಣುತ್ತದೆ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ನರ್ಸ್‌ಗಳ ಪ್ರೀತಿಯೇ ಅರುಣಾರ ಯಾತನೆಯನ್ನು ಉದ್ದ ಮಾಡಿತೆಂಬ ಟೀಕೆಯನ್ನೂ ತಳ್ಳಿಹಾಕಲಾಗದು. ಆದರೆ ಇದರ ಇನ್ನೊಂದು ಮಗ್ಗುಲೂ ಇದೆ. ಹೊಸ ತಾಯಿ ಮಗುವಿನ ಅಳುವಿನಲ್ಲಿ ಹಸಿವಿನದು ಯಾವುದು, ಹೊಟ್ಟೆನೋವಿನದು ಯಾವುದು ಎಂದು ಹೇಳುತ್ತಾಳೆ. ಅದಕ್ಕೆ ಯಾವ ಯಂತ್ರವೂ ಬೇಕಿಲ್ಲ. ನಾವು ನರ್ಸಿಂಗ್‌ಗೆ ಶುಶ್ರೂಷೆ ಎಂಬ ಪದ ಬಳಸುತ್ತೇವೆ. ಸಂಸ್ಕೃತದ 'ಶ್ರು' ಎಂಬ ಧಾತುವಿನಿಂದ ಬಂದ ಈ ಪದದ ಮೂಲ ಅರ್ಥ ಕೇಳುವ ಬಯಕೆ. ಸೇವೆ, ಆರೈಕೆ ಎಂಬ ಅರ್ಥ ಆಮೇಲೆ ಬಂದದ್ದು. ಮಾತೇ ಇಲ್ಲದವಳಿಗೆ ನಾಲ್ಕು ದಶಕ ಕಿವಿಗೊಟ್ಟ ಆ ನರ್ಸ್‌ಗಳಷ್ಟು ಈ ಪದದ ಮೂಲಕ್ಕೆ ಹತ್ತಿರ ಹೋದವರು ಕಡಿಮೆ.

2011ರ ಮಾರ್ಚ್ 7ರಂದು ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಮತ್ತು ನ್ಯಾಯಮೂರ್ತಿ ಜ್ಞಾನಸುಧಾ ಮಿಶ್ರಾ ಅವರ ಪೀಠ ತೀರ್ಪು ಕೊಟ್ಟಿತು. ಚೇತರಿಕೆಯ ಆಸೆಯಿಲ್ಲದ ರೋಗಿಗಳಿಗೆ ಜೀವರಕ್ಷಕ ಚಿಕಿತ್ಸೆಯನ್ನು ಹೈಕೋರ್ಟಿನ ಒಪ್ಪಿಗೆ ಪಡೆದು ನಿಲ್ಲಿಸಬಹುದು ಎಂದಿತು. ಕಾನೂನಿನ ಪುಸ್ತಕಗಳಲ್ಲಿ ಈ ಪ್ರಕರಣ ಉಳಿದಿರುವುದು ಈ ಕಾರಣಕ್ಕೆ. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದದ್ದು ತೀರ್ಪಿನ ಇನ್ನೊಂದು ಭಾಗ. ಅರುಣಾರ ಪರವಾಗಿ ಮಾತನಾಡುವ ಹಕ್ಕು ಯಾರಿಗೆ? ಕಾನೂನು ಇಂಥವರನ್ನು ಆಪ್ತಮಿತ್ರ ಎನ್ನುತ್ತದೆ. ಆ ಸ್ಥಾನ ಇಷ್ಟು ವರ್ಷ ಹಗಲಿರುಳು ನೋಡಿಕೊಂಡ ಕೆ.ಇ.ಎಂ. ಸಿಬ್ಬಂದಿಯದು ಎಂದು ಕೋರ್ಟು ಹೇಳಿತು. ಅವರು ಬದುಕಲಿ ಎನ್ನುತ್ತಾರೆ, ಆದ್ದರಿಂದ ಅರುಣಾ ಬದುಕಲಿ. ಮುಂದೆ ಅವರ ಮನಸ್ಸು ಬದಲಾದರೆ ಅವರೇ ಬಾಂಬೆ ಹೈಕೋರ್ಟಿಗೆ ಹೋಗಬಹುದು.

ರಕ್ತಸಂಬಂಧಕ್ಕೂ ಮಿಗಿಲಾಗಿ ಆರೈಕೆಯ ಸಂಬಂಧವನ್ನು ದೇಶದ ಅತಿ ದೊಡ್ಡ ನ್ಯಾಯಾಲಯ ಮಾನ್ಯ ಮಾಡಿದ ದಿನ ಅದು. ಕೆ.ಇ.ಎಂ.ನಲ್ಲಿ ಆ ದಿನ ನರ್ಸ್‌ಗಳು ಸಿಹಿ ಹಂಚಿದರು. ಮಗ್ಗುಲು ಬದಲಿಸಿದ ಕೈಗಳಿಗೂ ಒಂದು ಅಭಿಪ್ರಾಯವಿದೆ, ಅದನ್ನು ಕೇಳಬೇಕು ಎಂಬುದು ಗೆದ್ದಿತ್ತು.

ಆಮೇಲೆ

2015ರ ಮೇ ತಿಂಗಳಲ್ಲಿ ಅರುಣಾಗೆ ನ್ಯುಮೋನಿಯಾ ಆಯಿತು. ಮೇ 18ರ ಬೆಳಿಗ್ಗೆ, ವಿಶ್ವ ನರ್ಸ್‌ಗಳ ದಿನ ಕಳೆದು ಆರು ದಿನಕ್ಕೆ, ತೀರಿಕೊಂಡರು. ಆಗ ಅವರಿಗೆ 66 ವರ್ಷ, ಅರವತ್ತೇಳನೆಯ ಹುಟ್ಟುಹಬ್ಬಕ್ಕೆ ಎರಡು ವಾರ ಬಾಕಿ ಇತ್ತು. ಸ್ಮಶಾನಕ್ಕೆ ನರ್ಸ್‌ಗಳು ಹೋದರು, ಅಂತ್ಯಕ್ರಿಯೆಯಲ್ಲಿ ಆಸ್ಪತ್ರೆಯವರೇ ಮನೆಯವರಂತೆ ನಿಂತರು.

2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಗೌರವದಿಂದ ಸಾಯುವ ಹಕ್ಕನ್ನು ಎತ್ತಿಹಿಡಿದು, ತಮಗೆ ಎಂಥ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಅವಕಾಶ ಕೊಟ್ಟಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ನನ್ನ ವಯಸ್ಸಿನವರು ತಂದೆ-ತಾಯಿಯ ಜೊತೆ ಕೂತು ಈ ವಿಷಯ ಮಾತನಾಡುವುದು ಒಳ್ಳೆಯದು. ಪಿಂಕಿ ವಿರಾನಿ ಎತ್ತಿದ ಪ್ರಶ್ನೆ ಸುಳ್ಳಲ್ಲ ಎಂದು ಕಾಲ ತೋರಿಸಿದೆ. ನರ್ಸ್‌ಗಳ ಆರೈಕೆಯೂ ಸುಳ್ಳಲ್ಲ. ಎರಡನ್ನೂ ಒಟ್ಟಿಗೆ ಗೌರವಿಸಲು ಸಾಧ್ಯ.

ಆದರೆ ಅಂದಿನ ಮುಷ್ಕರದ ಬೇಡಿಕೆ ಇನ್ನೂ ಮುಗಿದಿಲ್ಲ. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದ ತರುಣ ವೈದ್ಯೆಯ ಮೇಲೆ ಅತ್ಯಾಚಾರವಾಗಿ ಕೊಲೆಯಾಯಿತು. ಸುಪ್ರೀಂ ಕೋರ್ಟಿನಲ್ಲಿ ಆ ವಿಚಾರಣೆ ನಡೆದಾಗ ಅರುಣಾ ಶಾನಭಾಗರ ಹೆಸರು ಮತ್ತೆ ಕೇಳಿಬಂತು. ಐವತ್ತೊಂದು ವರ್ಷಗಳ ನಂತರ ಅದೇ ಮಾತು: ಕೆಲಸದ ನಡುವೆ ಕೂರಲು, ಬಟ್ಟೆ ಬದಲಿಸಲು, ಕಣ್ಣುಮುಚ್ಚಲು ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳಿಗೆ ಸುರಕ್ಷಿತ ಕೋಣೆ ಬೇಕು.

ನಮ್ಮ ಸಂಘ ಮಾಡಬಹುದಾದದ್ದು

ನಮ್ಮ ಸಂಘದಲ್ಲಿ, ನೆರೆಯ ಗೋರೆಗಾಂವ್, ಕಾಂದಿವಲಿ, ಬೋರಿವಲಿಯ ಕನ್ನಡ ಮನೆಗಳಲ್ಲಿ ಸಿಸ್ಟರಕ್ಕನಂಥ ನಿವೃತ್ತ ನರ್ಸ್‌ಗಳು ಇದ್ದಾರೆ. ಅರವತ್ತು, ಎಪ್ಪತ್ತು, ಎಂಬತ್ತರ ದಶಕದ ಮುಂಬಯಿ ವಾರ್ಡುಗಳನ್ನು ಕಂಡವರು. ಊರಿನಿಂದ ಹೇಗೆ ಬಂದರು, ಮನೆಯವರನ್ನು ಹೇಗೆ ಒಪ್ಪಿಸಿದರು, ಹಾಸ್ಟೆಲಿನ ಊಟ ಹೇಗಿತ್ತು, ಮೊದಲ ಸಾವನ್ನು ಕಂಡ ರಾತ್ರಿ ಏನು ಮಾಡಿದರು, ಯಾವ ರೋಗಿ ಇಂದಿಗೂ ಕನಸಿನಲ್ಲಿ ಬರುತ್ತಾನೆ ಎಂದು ಅವರನ್ನು ಯಾರೂ ಕೇಳಿಲ್ಲ. ಅವರ ಅನುಭವ ಯಾವ ಪುಸ್ತಕದಲ್ಲೂ ಇಲ್ಲ. ಅವರ ಜೊತೆಗೇ ಹೋಗಿಬಿಡುತ್ತದೆ.

ನನ್ನ ಸಲಹೆ ಸರಳವಾದದ್ದು. ಮುಂದಿನ ಮೇ 12ರ ವಿಶ್ವ ನರ್ಸ್‌ಗಳ ದಿನದೊಳಗೆ ಮಹಿಳಾ ವಿಭಾಗದಿಂದ ಇಂಥ ಹತ್ತು ಮಂದಿಯ ಮಾತನ್ನಾದರೂ ಮೊಬೈಲಿನಲ್ಲಿ ಕನ್ನಡದಲ್ಲೇ ಧ್ವನಿಮುದ್ರಿಸಿಕೊಳ್ಳೋಣ. ಕುಂದಾಪುರದವರು ಕುಂದಾಪುರದ ಕನ್ನಡದಲ್ಲಿ, ಕಾರವಾರದವರು ಕಾರವಾರದ ಕನ್ನಡದಲ್ಲಿ, ಧಾರವಾಡದವರು ತಮ್ಮ ಮಾತಿನಲ್ಲಿ ಹೇಳಲಿ. ಅದನ್ನು ಬರಹಕ್ಕಿಳಿಸಿ, ಜೋಡಿಸಿ, ಸಂಘದ ತಾಣದಲ್ಲಿ ಇಡುವ ತಾಂತ್ರಿಕ ಕೆಲಸ ನನಗಿರಲಿ. ಸಿಸ್ಟರಕ್ಕ ಮೊದಲನೆಯವರಾಗಲು ಒಪ್ಪಿದ್ದಾರೆ. ಒಂದೇ ಷರತ್ತು ಹಾಕಿದ್ದಾರೆ: ತಮ್ಮ ಹೆಸರು ಬೇಡ, ತಮ್ಮ ಬ್ಯಾಚಿನ ಹುಡುಗಿಯರ ಹೆಸರುಗಳನ್ನು ಮಾತ್ರ ಅವರ ಮನೆಯವರನ್ನು ಕೇಳಿ ಬರೆಯಬೇಕಂತೆ, ಒಬ್ಬರನ್ನೂ ಬಿಡದೆ. ನಿಮ್ಮ ಮನೆಯಲ್ಲಿ, ನಿಮ್ಮ ಕಟ್ಟಡದಲ್ಲಿ ಇಂಥವರಿದ್ದರೆ ಮಹಿಳಾ ವಿಭಾಗಕ್ಕೆ ದಯವಿಟ್ಟು ತಿಳಿಸಿ.